ಸ್ವರ್ಗಸ್ಥ ಅಮ್ಮನ ಶನಿವಾರಗಳು

ಕೌಕೆನೆಸ್, ಚಿಲಿ
ಮಾರ್ಚ್ 3, 1995

ತಮ್ಮ ಲಾಲೋ,

ಫೋನು ಮಾಡಬೇಡ ಎಂದು ನೀನೇ ಹೇಳಿದ್ದೆ, ಅದಕ್ಕೇ ಕಾಗದ. ಇಲ್ಲಿ ಫೋನಿರುವುದು ಪಕ್ಕದ ಮನೆಯ ಕ್ಲೋರಿಂದಾಳ ಹತ್ತಿರ. ಅಲ್ಲಿ ಬೆಳಿಗ್ಗೆ ಪಿಸುಗುಟ್ಟಿದ್ದು ಸಂಜೆ ಚಹಾದ ಹೊತ್ತಿಗೆ ಬೇಕರಿ ತಲುಪಿರುತ್ತದೆ.

ಅಮ್ಮನನ್ನು ತಾಲ್ಕಾದ ಡಾಕ್ಟರಿಗೆ ತೋರಿಸಿದೆ. ಹೃದಯ ದೊಡ್ಡದಾಗಿದೆಯಂತೆ. “ಸಣ್ಣದಾಗಿದ್ರೆ ಇಷ್ಟೆಲ್ಲ ಹಿಡಿಸ್ತಿತ್ತಾ ಡಾಕ್ಟ್ರೇ?” ಎಂದಳು ಅಮ್ಮ. ಅವರು ನಕ್ಕರು. ಆಮೇಲೆ ನನ್ನನ್ನು ಹೊರಗೆ ಕರೆದು, ಈ ಚಳಿಗಾಲ ನೋಡುತ್ತಾರೆ, ವಸಂತದ ಮಾತು ಬೇಡ ಎಂದರು. ಆಗ ನಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ನೋಡಿಕೊಂಡೇ ಹೇಳಿದಳು: “ಒತೀಲಿಯಾ, ಅವನಿಗೆ ಬರಿ. ನಾನು ಸಾಯೋಕ್ಮುಂಚೆ ಒಂದ್ಸಲ ಟೀವೀಲಿ ನನ್ನ ಬದುಕಿಸ್ಲಿ.”

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬರೆದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಅರವತ್ತೆಂಟನೇ ಇಸವಿ, ತಾಯಂದಿರ ದಿನದ ಹಿಂದಿನ ಶನಿವಾರ. ನಿನ್ನ ಟೀವಿ ಕಾರ್ಯಕ್ರಮ ‘ಶನಿವಾರದ ಸಡಗರ’ ಆಗ ಎರಡು ವರ್ಷದ ಕೂಸು. ಹಾಡುವವಳು ಕೈಕೊಟ್ಟಳು, ನೇರ ಪ್ರಸಾರದಲ್ಲಿ ನಾಲ್ಕು ನಿಮಿಷ ಖಾಲಿ. ನೀನು ಮೈಕು ಹಿಡಿದು ಕಣ್ಣು ಮುಚ್ಚಿ ಶುರು ಮಾಡಿದೆ:

ಮೋಡದ ಮೇಲಿನ ಮನೆಯಲಿ ಕೂತು
ಮರೆಯದೆ ಕೇಳುವೆ ಮಗನೀ ಮಾತು;
ಬಾನಿನ ಬಾಗಿಲ ತೆರೆದಿಡು ತಾಯೆ,
ನಾನೂ ಬರುವೆನು, ಕಾಯೆ, ಕಾಯೆ.

ದೇಶಕ್ಕೆ ದೇಶವೇ ಅತ್ತಿತು. ಅಮ್ಮ ಆಗ ತಾಲ್ಕಾದ ಅಡುಗೆಮನೆಯಲ್ಲಿ ನಿನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳೂ ಅತ್ತಳು. ಆಮೇಲೆ, “ಯಾರೇ ಸತ್ತಿದ್ದು?” ಎಂದು ನನ್ನನ್ನು ಕೇಳಿದಳು.

ಕಾರ್ಯಕ್ರಮಕ್ಕೆ ದುಡ್ಡು ಹಾಕುತ್ತಿದ್ದ ಸಾಬೂನಿನ ಕಂಪನಿಯವರು ಪ್ರತಿವರ್ಷ ಆ ಪದ್ಯ ಬೇಕೇ ಬೇಕು ಎಂದರು. ನೀನು ಸುಮ್ಮನಿದ್ದೆ. ನಾವು ಗಂಟುಮೂಟೆ ಕಟ್ಟಿ ಈ ಊರಿಗೆ ಬಂದೆವು. ಇಲ್ಲಿಯವರಿಗೆ ಅಮ್ಮ ನಿನ್ನ ಚಿಕ್ಕಮ್ಮ; ನಾನು ನಿನ್ನ ಅಕ್ಕ ಅಲ್ಲ, ಚಿಕ್ಕಮ್ಮನ ಮಗಳು. ಅಪ್ಪನ ಕಡೆಯದು, ಅಮ್ಮನ ಕಡೆಯದು, ನಮ್ಮ ಅಡ್ಡಹೆಸರುಗಳು ಎರಡೂ ಒಂದೇ ಯಾಕೆ ಎಂದು ಕೇಳಿದವರಿಗೆ, ಅಕ್ಕ ತಂಗಿಯರು ಅಣ್ಣ ತಮ್ಮಂದಿರನ್ನು ಮದುವೆಯಾಗಿದ್ದರು ಎಂಬ ಕಥೆ. ನಿನ್ನನ್ನು ಹೆತ್ತು ತಾಲ್ಕಾದ ರಸ್ತೆಯಲ್ಲಿ ಬಸ್ಸಿಗೆ ಸಿಕ್ಕಿ ಸತ್ತ, ಎಂದೂ ಇಲ್ಲದ ಆ ಅಕ್ಕನಿಗೆ ರೊಸಾಲ್ಬಾ ಎಂದು ಹೆಸರಿಟ್ಟವಳು ಅಮ್ಮನೇ. ಇಪ್ಪತ್ತೇಳು ವರ್ಷದಿಂದ ಅಮ್ಮ ತನಗೇ ತಂಗಿಯಾಗಿ ಬದುಕಿದ್ದಾಳೆ.

ಅವಳು ಕೇಳುತ್ತಿರುವುದು ಒಂದೇ ಒಂದು. ಯಾವುದೋ ಕೊಳಾಯಿ ರಿಪೇರಿಯವನಿಗೂ, ಯಾವುದೋ ಮೊಟ್ಟೆ ಮಾರುವವಳಿಗೂ ನೀನು ವಾರವಾರ ಹೇಳುವ ನಮಸ್ಕಾರ. ಹೆಸರು ಹಿಡಿದು, ಕ್ಯಾಮೆರಾ ನೋಡಿ, ಬದುಕಿರುವವಳಿಗೆ ಹೇಳುವ ಹಾಗೆ.

ಒತೀಲಿಯಾ


ಮಯಾಮಿ
ಮಾರ್ಚ್ 22, 1995

ಪ್ರೀತಿಯ ಅಕ್ಕ,

ಇಲ್ಲಿ ಬಿಸಿಲೋ ಬಿಸಿಲು, ಮೈಯೆಲ್ಲ ಬೆವರು, ಮುಖದ ತುಂಬ ಬಣ್ಣದ ಕೆಸರು. ನಿನ್ನ ಕಾಗದ ಓದಿ ಆ ಕೆಸರೂ ಇಳಿದುಹೋಯಿತು.

ಡಾಕ್ಟರುಗಳು ಹಾಗೇ. ನನ್ನ ಕಾರ್ಯಕ್ರಮ ಆರು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ ಎಂದವರೂ ಹೀಗೇ ಗಂಭೀರವಾಗಿದ್ದರು, ಅದು ಚಿಲಿ ಬಿಟ್ಟು ಮಯಾಮಿಗೆ ಬಂದರೂ ಈಗ ಇಪ್ಪತ್ತೊಂಬತ್ತನೇ ವರ್ಷ. ಅಮ್ಮನಿಗೆ ಉಣ್ಣೆಯ ಶಾಲು, ಹೊಸ ಟೀವಿ ಕಳಿಸಿದ್ದೇನೆ. ಪರದೆ ದೊಡ್ಡದು, ನಾನು ಅದರಲ್ಲಿ ನಿಜಕ್ಕಿಂತ ದಪ್ಪ ಕಾಣುತ್ತೇನೆ, ಅಮ್ಮನಿಗೆ ಸಮಾಧಾನವಾಗುತ್ತದೆ.

ಅವಳು ಕೇಳಿದ್ದರ ಬಗ್ಗೆ: ಮಾಡೋಣ. ಸಮಯ ನೋಡಿ ಮಾಡೋಣ. ಅದಕ್ಕಿಂತ ನಾನೇ ಆಗಸ್ಟಿನಲ್ಲಿ ಗುಟ್ಟಾಗಿ ಬಂದುಬಿಡಲೇ? ಕ್ಯಾಮೆರಾ ಇಲ್ಲ, ಕಾರು ಇಲ್ಲ, ಟೋಪಿ ಹಾಕಿಕೊಂಡು. ಎರಡು ದಿನ ಅಮ್ಮನ ಪಕ್ಕ ಕೂರುತ್ತೇನೆ. ನಮಸ್ಕಾರಕ್ಕಿಂತ ಅದು ದೊಡ್ಡದಲ್ಲವೇ?

ಮಾತ್ರೆ ಮರೆಯದಿರಲಿ, ಮಾತು ಕಡಿಮೆಯಿರಲಿ, ಮನಸ್ಸು ನೆಮ್ಮದಿಯಲ್ಲಿರಲಿ.

ನಿನ್ನ ಲಾಲೋ


ಕೌಕೆನೆಸ್
ಏಪ್ರಿಲ್ 9, 1995

ಲಾಲೋ,

ಪ್ರಾಸದ ಬಾಯಿಗೆ ಸ್ವಲ್ಪ ಬಿಡುವು ಕೊಡು. ಆಗಸ್ಟಿನಲ್ಲಿ ಬರುತ್ತಾನಂತೆ ಎಂದೆ. “ಬಂದು? ಇಲ್ಲಿ ನಾನು ಬದುಕಿರೋದು ನಂಗೆ ಗೊತ್ತು, ನಿಂಗೆ ಗೊತ್ತು. ಅವನಿಗೂ ಗೊತ್ತಿರ್ಬೇಕು. ಗೊತ್ತಿಲ್ಲದೋರಿಗೆ ಹೇಳ್ಲಿ ಅಂತಿದೀನಿ” ಎಂದಳು.

ಟೀವಿ ಬಂತು. ಗೋಡೆಯ ಶಿಲುಬೆ ಅದರ ಹಿಂದೆ ಮುಚ್ಚಿಹೋಗಿ ಅರ್ಧ ಏಸು ಮಾತ್ರ ಕಾಣುತ್ತಾನೆ.

ನೀನು ಇಲ್ಲಿಯ ಶನಿವಾರ ನೋಡಿಲ್ಲ. ಕ್ಲೋರಿಂದಾ ಕುಂಬಳಕಾಯಿ ರೊಟ್ಟಿ ಕರಿದು ತರುತ್ತಾಳೆ. ಅಮ್ಮ ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ. ಕಳೆದ ವಾರ ನೀನು ಯಾವುದೋ ಪೆರು ದೇಶದ ಅಜ್ಜಿಗೆ ಕೈ ಮುಗಿದು, “ನನ್ನಮ್ಮ ಇದ್ದಿದ್ದರೆ ನಿಮ್ಮ ಹಾಗೇ ಇರುತ್ತಿದ್ದಳು” ಎಂದೆ. ಕ್ಲೋರಿಂದಾ ಮೂಗು ಒರೆಸಿಕೊಂಡಳು.

“ಎಷ್ಟು ನೆನೆಸ್ಕೋತಾನೆ ನೋಡಿ ದೆಲ್ಫಿನಮ್ಮ, ನಿಮ್ಮಕ್ಕನ್ನ!”

“ಹೂಂ. ಸತ್ತೋರಿಗೇನು, ನೆನೆಸ್ಕೊಂಡ್ರೆ ಸಾಕು. ಔಷಧಿ ತಂದ್ಕೊಡೋ ಹಾಗಿಲ್ಲ, ಕಾಲು ಒತ್ತೋ ಹಾಗಿಲ್ಲ.”

“ನಿಮಗೆ ಹೊಟ್ಟೆಕಿಚ್ಚು ಕಣ್ರೀ.”

“ಇರಲ್ವೇನೇ ಮತ್ತೆ? ಅವಳಿಗೆ ಗುಡಿ ಕಟ್ಟಿದಾರೆ.”

ಹೌದು, ಗುಡಿಯ ವಿಷಯ ನೀನು ಎಂದೂ ಕೇಳಲಿಲ್ಲ. ಬಸ್ಸಿನ ಕಥೆ ಹಬ್ಬಿದ ಮೇಲೆ ಜನ ತಾಲ್ಕಾ ರಸ್ತೆಯ ತಿರುವಿನಲ್ಲಿ, ಅಪಘಾತವಾದಲ್ಲೆಲ್ಲ ಇಡುತ್ತಾರಲ್ಲ, ಅಂಥದೊಂದು ಪುಟ್ಟ ಗುಡಿ ಇಟ್ಟರು. ಈಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಫಲಕಗಳಿವೆ. ‘ಲಾಲೋನ ತಾಯಿಯೇ, ನನ್ನ ಮಗನಿಗೆ ಕಣ್ಣು ಬಂತು, ಕೃತಜ್ಞತೆ.’ ‘ಗಂಡ ಕುಡಿತ ಬಿಟ್ಟ, ಕೃತಜ್ಞತೆ.’ ಕಳೆದ ವರ್ಷದವರೆಗೂ ಅಮ್ಮ ತಿಂಗಳಿಗೊಮ್ಮೆ ಹೋಗಿ ಅದನ್ನು ಗುಡಿಸಿ ಬರುತ್ತಿದ್ದಳು. ತಂಗಿಯಲ್ಲವೇ, ಗುಡಿಸದಿದ್ದರೆ ಊರು ಆಡಿಕೊಳ್ಳುತ್ತದೆ. ಒಮ್ಮೆ ಯಾರೂ ಇಲ್ಲದಾಗ ಒಂದು ಮೇಣದಬತ್ತಿ ಹಚ್ಚಿ ಏನೋ ಬೇಡಿಕೊಂಡಳಂತೆ. ಏನು ಎಂದೆ. “ಕಾಲುನೋವು ವಾಸಿ ಮಾಡು ಅಂದೆ. ಮಾಡ್ಲಿಲ್ಲ. ಬೇರೆಯೋರಿಗೆಲ್ಲ ಮಾಡ್ತಾಳೆ.”

ಅವಳ ತುಟಿ ಈಗ ನೀಲಿಯಾಗುತ್ತಿದೆ, ಸಂಜೆ ಹೊತ್ತು ಹೆಚ್ಚು. ಆಗುತ್ತದೋ ಇಲ್ಲವೋ, ಎರಡರಲ್ಲಿ ಒಂದು ಬರೆ.

ಒತೀಲಿಯಾ


ಮಯಾಮಿ
ಏಪ್ರಿಲ್ 24, 1995

ಅಕ್ಕ,

ಹೇಳದೆ ಇದ್ದದ್ದನ್ನು ಹೇಳುತ್ತೇನೆ. ಇಲ್ಲಿ ನನ್ನ ಕುರ್ಚಿ ಅಲ್ಲಾಡುತ್ತಿದೆ. ಚಾನೆಲ್ಲಿನ ಹೊಸ ಯಜಮಾನರಿಗೆ ಮೂವತ್ತೈದು ವರ್ಷ. ನಾನು ಅವರ ಅಜ್ಜಿಯ ಮೆಚ್ಚಿನ ನಿರೂಪಕನಂತೆ, ಹೊಗಳಿಕೆಯೆಂದುಕೊಂಡು ಹೇಳಿದರು. ನೋಡುವವರು ಕಡಿಮೆಯಾಗಿದ್ದಾರೆ. ವರ್ಷದಲ್ಲಿ ಒಂದೇ ಶನಿವಾರ ಮೊದಲಿನಂತೆ ನೋಡುತ್ತಾರೆ, ಅದು ತಾಯಂದಿರ ದಿನದ್ದು. ಅಂದರೆ ಸತ್ತ ಅಮ್ಮನ ಋಣದಲ್ಲಿ ನಾನು ಕೆಲಸದಲ್ಲಿದ್ದೇನೆ.

ನಿರ್ಮಾಪಕ ರಿಗೊಬೆರ್ತೋಗೆ ಮೊನ್ನೆ ಎಲ್ಲ ಹೇಳಿದೆ. ಅವನು ಕೋಣೆಯ ಬಾಗಿಲು ಹಾಕಿ, “ಯಾರಿಗೂ ಗೊತ್ತಿಲ್ಲ ತಾನೆ?” ಎಂದ. ಗೊತ್ತಿಲ್ಲ ಎಂದೆ. “ಹಾಗಾದ್ರೆ ಅವರು ತೀರ್ಕೊಂಡೇ ಇರ್ಲಿ ಬಿಡು ಮಾರಾಯ. ಇಪ್ಪತ್ತೇಳು ವರ್ಷ ಅತ್ತೋರಿಗೆ ಏನು ವಾಪಸ್ ಕೊಡ್ತೀಯ?”

ಎರಡು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡೆ. ಐವತ್ತೊಂಬತ್ತು ವರ್ಷದವನಿಗೆ ಅಮ್ಮ ಇದ್ದಾಳೆ ಎಂದು ಹೇಳಲು ಅನುಮತಿ ಬೇಕೇ?

ಹೇಳುತ್ತೇನೆ. ಮೇ ನಾಲ್ಕಕ್ಕೆ ರೆಕಾರ್ಡಿಂಗ್, ಹದಿಮೂರರ ಶನಿವಾರ ಪ್ರಸಾರ. ಅಮ್ಮನನ್ನು ಅಷ್ಟರವರೆಗೆ ನೋಡಿಕೋ.

ಲಾಲೋ


ಮಯಾಮಿ
ಮೇ 5, 1995
(ತುರ್ತು ಅಂಚೆ)

ಅಕ್ಕ,

ಹೇಳಿದೆ. ನಿನ್ನೆ. ಪದ್ಯದ ಜಾಗದಲ್ಲಿ ಸಂಗೀತ ಶುರುವಾಯಿತು, ಕೈ ಎತ್ತಿ ನಿಲ್ಲಿಸಿದೆ. ಮಾತು ಹೀಗಿತ್ತು, ಒಂದಕ್ಷರ ಬದಲಿಸದೆ ಬರೆಯುತ್ತೇನೆ:

“ನಾನು ಒಂದು ಸುಳ್ಳು ಹೇಳಿದ್ದೆ. ನನ್ನಮ್ಮ ಸತ್ತಿಲ್ಲ. ಅವಳ ಹೆಸರು ದೆಲ್ಫಿನಾ ಇನೊಸ್ತ್ರೋಸಾ. ಕೌಕೆನೆಸ್‌ನಲ್ಲಿ ಇದ್ದಾಳೆ, ಈಗ ಇದನ್ನು ನೋಡ್ತಾ ಇದ್ದಾಳೆ. ಅಮ್ಮ, ನಾನು ಲಾಲೋ. ಎದ್ದಿದ್ದೀಯಾ? ಊಟ ಆಯ್ತಾ? ನನ್ನಿಂದ ತಪ್ಪಾಯ್ತು.”

ಇನ್ನೂರು ಜನ ಕೂತಿದ್ದ ಸ್ಟುಡಿಯೋ. ಜನ ಚಪ್ಪಾಳೆ ತಟ್ಟಬೇಕಾದಾಗ ದೀಪ ಹತ್ತಿಸುವವನು ಅದನ್ನು ಹತ್ತಿಸಲು ಮರೆತ. ಯಾರೂ ತಟ್ಟಲಿಲ್ಲ. ನಾನು ಇಷ್ಟು ಹಗುರವಾಗಿ ಎಂದೂ ವೇದಿಕೆ ಇಳಿದಿರಲಿಲ್ಲ.

ಹದಿಮೂರಕ್ಕೆ ಅಮ್ಮನನ್ನು ಕೂರಿಸು.

ಲಾಲೋ


ಕೌಕೆನೆಸ್
ಮೇ 15, 1995

ಲಾಲೋ,

ಕೂರಿಸಿದೆ.

ಬೆಳಿಗ್ಗೆಯೇ ಕೂದಲು ಸುರುಳಿ ಮಾಡಿಸಿಕೊಂಡಳು. ನೀಲಿ ಉಡುಪು, ಮುತ್ತಿನ ಓಲೆ. ಯಾರು ನೋಡುತ್ತಾರೆ ಎಂದರೆ, “ಅವನು ನನ್ನ ಹೆಸರು ಹೇಳ್ವಾಗ ನಾನು ನೈಟಿಲಿ ಇರ್ಲಾ?” ಎಂದಳು. ಕ್ಲೋರಿಂದಾಳನ್ನೂ ಕರೆಸಿದಳು. ಊರಿಗೆ ಸುದ್ದಿ ಹೋಗಲು ಬೇರೆ ದಾರಿ ಬೇಡವಲ್ಲ.

ಮೂರು ಗಂಟೆ ಕಾದೆವು. ಗಲ್ಲದ ಮೇಲೆ ಕುರ್ಚಿ ನಿಲ್ಲಿಸುವವನು ಬಂದ. ಅವಳಿ ತಂಗಿಯರು ಹಾಡಿದರು. ಕಾರಿನ ಬೀಗದ ಕೈಗೆ ಐದು ಜನ ಕಿತ್ತಾಡಿದರು. ಅಮ್ಮ ಬಚ್ಚಲಿಗೂ ಏಳಲಿಲ್ಲ. ಆಮೇಲೆ ದೀಪ ಮಂಕಾಯಿತು, ಸಂಗೀತ ಬಂತು. ನೀನು ಬಂದೆ. ಕೈ ಎತ್ತಲಿಲ್ಲ. ಕಣ್ಣು ಮುಚ್ಚಿದೆ. ಮೋಡದ ಮೇಲಿನ ಮನೆಯಲಿ ಕೂತು.

ನಾಲ್ಕು ಸಾಲೂ ಹೇಳಿದೆ. ಕೊನೆಯ ‘ಕಾಯೆ’ಯನ್ನು ಎಳೆದೆ ಸಹ.

ಕ್ಲೋರಿಂದಾ ಶಿಲುಬೆಯ ಗುರುತು ಮಾಡಿಕೊಂಡಳು. “ನಿಮ್ಮಕ್ಕ ಪುಣ್ಯವಂತೆ ದೆಲ್ಫಿನಮ್ಮ.”

“ಹೌದು ಕಣೆ” ಎಂದಳು ಅಮ್ಮ, “ಸತ್ತಿದ್ದಕ್ಕೆ ಸರಿಯಾದ ಮಗ ಸಿಕ್ಕಿದ.” ಆಮೇಲೆ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ನೀನು ಸುಳ್ಳ ಎಂದು ಗೊತ್ತಿತ್ತು. ತುರ್ತು ಅಂಚೆಯಲ್ಲಿ ಸುಳ್ಳು ಕಳಿಸುತ್ತೀಯ ಎಂದು ಗೊತ್ತಿರಲಿಲ್ಲ.

ಒತೀಲಿಯಾ


ಮಯಾಮಿ
ಮೇ 29, 1995

ಅಕ್ಕ, ಅಕ್ಕ,

ಆಣೆ ಮಾಡುತ್ತೇನೆ, ಹೇಳಿದ್ದೆ. ಇನ್ನೂರು ಜನ ಸಾಕ್ಷಿ. ಆದದ್ದು ಇಷ್ಟು: ಇಲ್ಲಿ ಕಾರ್ಯಕ್ರಮ ನಾಲ್ಕು ಗಂಟೆ, ಅಲ್ಲಿ ತೋರಿಸುವುದು ಮೂರು. ಒಂದು ಗಂಟೆಯನ್ನು ಕತ್ತರಿಸುವವರು ಬೇರೆ, ಅವರಿಗೆ ಹಳೆಯ ಟೇಪುಗಳ ಮೇಲೆ ಮೋಹ. ನನ್ನ ಮಾತು ತೆಗೆದು ಎರಡು ವರ್ಷದ ಹಿಂದಿನ ಪದ್ಯ ಅಂಟಿಸಿದ್ದಾರೆ. ಅದೇ ಬೂದು ಕೋಟು, ಗಮನಿಸಿದೆಯಾ? ಕತ್ತರಿ ಹಿಡಿದವನಿಗೆ ಕರುಣೆಯಿಲ್ಲ, ಕೇಳಿದರೆ ಉತ್ತರವಿಲ್ಲ. ಇಲ್ಲಿ ಮಯಾಮಿಯಲ್ಲಿ ಪ್ರಸಾರವಾಗಿದೆ. ಎಲ್ಲರೂ ನೋಡಿದ್ದಾರೆ. ಅಮ್ಮನಿಗೆ ಹೇಳು.

ಲಾಲೋ


ಕೌಕೆನೆಸ್
ಜೂನ್ 16, 1995

ತಮ್ಮ,

ನಿನಗೆ ಕೆಟ್ಟ ಮಾತು ಬರೆದೆ, ಕ್ಷಮಿಸು. ಕೋಟು ನೋಡಿದ ನೆನಪು ನನಗಿಲ್ಲ, ನೀನು ಹೇಳಿದ ಮೇಲೆ ಹೌದೆನಿಸುತ್ತಿದೆ.

ಅಮ್ಮ ಈಗ ಹಾಸಿಗೆಯಲ್ಲೇ. ಮಳೆ, ಚಳಿ, ಕೆಂಡದ ಒಲೆ ಮಂಚದ ಪಕ್ಕಕ್ಕೇ ತಂದಿಟ್ಟಿದ್ದೇನೆ. ಮೇ ಐದರ ನಿನ್ನ ಕಾಗದ ತೆಗೆದು, ಅವನು ಹೇಳಿದ್ದು ಇದು, ಅಲ್ಲಿ ಎಲ್ಲರೂ ನೋಡಿದ್ದಾರೆ ಎಂದು ಓದಿದೆ. ಕಣ್ಣು ಮುಚ್ಚಿ ಕೇಳಿದಳು. “ಇನ್ನೊಂದ್ಸಲ” ಎಂದಳು. ಮತ್ತೆ ಓದಿದೆ. ಆಮೇಲೆ ನನ್ನ ಕೈ ತಟ್ಟಿದಳು.

“ಚೆನ್ನಾಗಿ ಬರ್ದಿದೀಯ ಒತೀಲಿಯಾ. ನೀನೂ ಟೀವೀಗೆ ಹೋಗ್ಬೋದಿತ್ತು.”

“ನಾನಲ್ಲಮ್ಮ, ಅವನೇ! ಅಕ್ಷರ ನೋಡು.”

“ನಂಗೆ ಅಕ್ಷರ ಕಾಣಲ್ಲ, ಕಿವಿ ಕೇಳ್ಸುತ್ತೆ. ಇಷ್ಟುದ್ದ ಮಾತಲ್ಲಿ ಒಂದು ಪ್ರಾಸ ಇಲ್ವಲ್ಲೇ. ಐದು ವರ್ಷದೋನಾಗಿದ್ದಾಗ ಹಾಲು ಬೇಕು ಅಂದ್ರೂ ಪ್ರಾಸ ಹಾಕ್ತಿದ್ದ ಅವನು. ‘ಊಟ ಆಯ್ತಾ’ ಅಂತೆ. ಆ ಮಾತು ನಿಂದು. ದಿನಾ ಕೇಳೋಳು ನೀನು.”

ನಾನು ಎಷ್ಟು ಹೇಳಿದರೂ ನಂಬಲಿಲ್ಲ. ನನಗೆ ಬೇಜಾರಾಗದಿರಲಿ ಎಂದು ನಂಬಿದಂತೆ ಮಾಡಿದಳು, ಅದು ಇನ್ನೂ ಕಷ್ಟ.

ಒಂದೇ ದಾರಿಯಿದೆ. ಕ್ಲೋರಿಂದಾಳ ಮಗನ ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರವಿದೆ. ಮಯಾಮಿಯಲ್ಲಿ ಪ್ರಸಾರವಾದದ್ದರ ಒಂದು ಕ್ಯಾಸೆಟ್ ಕಳಿಸು. ನಿನ್ನ ಬಾಯಿ ಅಲ್ಲಾಡುವುದನ್ನು ಕಂಡರೆ ನಂಬುತ್ತಾಳೆ. ಕಳಿಸುತ್ತಾನೆ ಎಂದು ಹೇಳಿಬಿಟ್ಟಿದ್ದೇನೆ. ನಿನ್ನೆಯಿಂದ ಅಂಚೆಯವನ ಸೈಕಲ್ ಬೆಲ್ಲಿಗೆ ತಲೆ ಎತ್ತುತ್ತಿದ್ದಾಳೆ. ಡಾಕ್ಟರು ವಾರಗಳ ಲೆಕ್ಕ ಬಿಟ್ಟು ದಿನಗಳ ಲೆಕ್ಕಕ್ಕೆ ಇಳಿದಿದ್ದಾರೆ.

ಬೇಗ, ತಮ್ಮ.

ಒತೀಲಿಯಾ


ಮಯಾಮಿ
ಜುಲೈ 2, 1995

ಅಕ್ಕ,

ಕ್ಯಾಸೆಟ್ ಇಲ್ಲ.

ರೆಕಾರ್ಡಿಂಗ್ ಮುಗಿದ ಮಾರನೇ ದಿನ, ನಿನಗೆ ಬರೆದ ಕಾಗದವನ್ನು ಅಂಚೆಗೆ ಹಾಕಿ ಬಂದ ಮೇಲೆ, ರಿಗೊಬೆರ್ತೋ ನನ್ನನ್ನು ಸಂಕಲನದ ಕೋಣೆಗೆ ಕರೆದ. ಎರಡು ಪರದೆ. ಒಂದರಲ್ಲಿ ಆ ಮಾತು, ಇನ್ನೊಂದರಲ್ಲಿ ಹಳೆಯ ಪದ್ಯ. “ನಾನು ಒತ್ತಾಯ ಮಾಡಲ್ಲ ಲಾಲೋ. ನೀನೇ ಹೇಳು” ಎಂದ. ಒಳ್ಳೆಯವನು ಅವನು. ಬೈದಿದ್ದರೆ ಬೈಗುಳಕ್ಕೆ ಹಟ ಹಿಡಿಯುತ್ತಿದ್ದೆನೇನೋ.

ಎರಡನ್ನೂ ಮೂರು ಸಲ ನೋಡಿದೆ. ಮೊದಲನೆಯದರಲ್ಲಿ ನಾನು ಮುದುಕನಂತೆ ಕಂಡೆ. ದನಿ ಒಡೆದಿತ್ತು, ಬೆಳಕು ತಪ್ಪಿತ್ತು, ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನನಗೆ ಮೊದಲು ಅನ್ನಿಸಿದ್ದು ಅಮ್ಮನ ಬಗ್ಗೆ ಅಲ್ಲ ಅಕ್ಕ, ‘ಇದು ಒಳ್ಳೆಯ ಟೀವಿ ಅಲ್ಲ’ ಎಂದು. ಎರಡನೆಯ ಪರದೆಯ ಕಡೆ ಬೆರಳು ತೋರಿಸಿದೆ. ಕತ್ತರಿಸುವವರ ಕಥೆ ನಾನು ಕಟ್ಟಿದ್ದು. ಇಲ್ಲೂ ಪ್ರಸಾರವಾದದ್ದು ಮೋಡದ ಮನೆಯೇ. ಆ ಟೇಪಿನ ಮೇಲೆ ಈಗ ಮೀನು ಬೇಯಿಸುವ ಸ್ಪರ್ಧೆ ಇದೆ.

ಡಿಸೆಂಬರಿಗೆ ನನ್ನನ್ನು ಹೇಗೂ ತೆಗೆಯುತ್ತಿದ್ದಾರೆ. ಮೊನ್ನೆ ಹೇಳಿದರು. ಕೊನೆಯ ಕಂತಿನಲ್ಲಿ ಏನು ಬೇಕಾದರೂ ಮಾತಾಡಬಹುದಂತೆ. ಆಗ ಹೇಳುತ್ತೇನೆ. ಕಳೆದುಕೊಳ್ಳಲು ಏನೂ ಇರುವುದಿಲ್ಲ. ಅಮ್ಮನಿಗೆ ಡಿಸೆಂಬರ್ ಎಂದು ಹೇಳು. ಸತ್ಯವಾಗಿ.

ಲಾಲೋ


ಕೌಕೆನೆಸ್
ಜುಲೈ 19, 1995

ಲಾಲೋ,

ನಿನ್ನ ಜುಲೈ ಎರಡರ ಕಾಗದ ತಲುಪಿತು. ಅಮ್ಮ ಜೂನ್ ಇಪ್ಪತ್ತೇಳರಂದು ಹೋದಳು, ಮಂಗಳವಾರ, ಬೆಳಿಗ್ಗೆ ಹತ್ತರ ಸುಮಾರಿಗೆ.

ಅಂದೇ ಕ್ಲೋರಿಂದಾಳ ಮನೆಯಿಂದ ನಿನ್ನ ಕಚೇರಿಗೆ ಫೋನು ಮಾಡಿದೆ. ಕ್ಲೋರಿಂದಾ ಎದುರಿಗೇ ನಿಂತಿದ್ದಳು. ನಿನ್ನ ಸೆಕ್ರೆಟರಿ ಬಹಳ ಮರ್ಯಾದೆಯವಳು. “ಅವರು ರೆಕಾರ್ಡಿಂಗಲ್ಲಿದಾರೆ ಮೇಡಂ. ತೀರ್ಕೊಂಡೋರು ಅವರಿಗೆ ಏನಾಗ್ಬೇಕು?” ಎಂದಳು. ನಾನು ಏನು ಹೇಳಲಿ? ಚಿಕ್ಕಮ್ಮ ಎಂದೆ. “ಓ, ಚಿಕ್ಕಮ್ಮನವರಾ” ಎಂದಳು, ದನಿ ಸ್ವಲ್ಪ ಸಡಿಲವಾಯಿತು. ಎಂಟು ದಿನಕ್ಕೆ ಒಂದು ಕಾರ್ಡು ಬಂತು. ದಪ್ಪ ಕಾಗದ, ಬಂಗಾರದ ಅಂಚು. ‘ನಿಮ್ಮ ದುಃಖದಲ್ಲಿ ಲಾಲೋ ನಿಮ್ಮೊಂದಿಗಿದ್ದಾನೆ.’ ಕೆಳಗೆ ನಿನ್ನ ರುಜುವಿನ ಅಚ್ಚು. ಅಮ್ಮ ಸತ್ತದ್ದು ನಿನಗೆ ಗೊತ್ತಾಗುವ ಮುಂಚೆಯೇ ನೀನು ನನ್ನನ್ನು ಸಮಾಧಾನ ಮಾಡಿದ್ದೆ. ಕಾಗದ ಬರೆಯಲು ಕೂತೆ, ಎರಡು ಸಲ ಹರಿದೆ, ಅಷ್ಟರಲ್ಲಿ ನಿನ್ನದೇ ಬಂತು.

ಕೊನೆಯ ದಿನ ಹೆಚ್ಚು ಮಾತಾಡಲಿಲ್ಲ. “ಅಂಚೆಯೋನು ಬಂದ್ನಾ?” ಎಂದು ಬೆಳಿಗ್ಗೆ ಒಮ್ಮೆ ಕೇಳಿದಳು. ಬಂದ ಅಮ್ಮ, ಕ್ಯಾಸೆಟ್ ಬಂತು, ಸಂಜೆ ಹಾಕೋಣ ಎಂದೆ. ನಾನೂ ನಿನ್ನ ಅಕ್ಕನೇ ತಾನೆ. ನನ್ನ ಮುಖ ನೋಡಿದಳು. “ಬೇಡ ಬಿಡು” ಎಂದಳು, “ನೀನು ಅದಕ್ಕೆ ಎಷ್ಟು ಕಷ್ಟಪಟ್ಟಿದೀಯೋ.” ಕ್ಯಾಸೆಟ್ಟನ್ನೂ ನಾನೇ ತಯಾರು ಮಾಡಿದ್ದೇನೆ ಎಂದುಕೊಂಡಳೋ ಏನೋ. ಕೇಳಲು ಧೈರ್ಯ ಬರಲಿಲ್ಲ.

ಡಿಸೆಂಬರಿನಲ್ಲಿ ಏನು ಬೇಕಾದರೂ ಹೇಳು, ಅದು ನಿನ್ನ ಮತ್ತು ನಿನ್ನ ಜನರ ವಿಷಯ. ಅಲ್ಲಿ ಈ ಮನೆಯವರು ಯಾರೂ ಇಲ್ಲ. ಟೀವಿಯನ್ನು ಕ್ಲೋರಿಂದಾಳಿಗೆ ಕೊಟ್ಟೆ.

ಇನ್ನೊಂದು ವಿಷಯ, ಮುಂದೆ ಯಾರಿಂದಲೋ ತಿಳಿಯುವುದು ಬೇಡ. ಮರಣ ಬರೆಸಲು ಕಚೇರಿಗೆ ಹೋಗಿದ್ದೆ. ಗುಮಾಸ್ತ ಹೊಸಬ, ಲಿನಾರೆಸ್ ಕಡೆಯವನು. ಹೆಸರು, ವಯಸ್ಸು, ಗಂಡನ ಹೆಸರು ಎಲ್ಲ ಬರೆದುಕೊಂಡ. “ಮಕ್ಕಳೆಷ್ಟು ಜನ?” ಎಂದ. ಒಬ್ಬಳೇ, ನಾನೇ ಎಂದೆ. ಯೋಚಿಸಿ ಹೇಳಲಿಲ್ಲ, ಹೇಳಿದ ಮೇಲೆ ತಿದ್ದಲೂ ಇಲ್ಲ. ಅವನು ಬರೆದ. ನನ್ನ ಗುರುತಿನ ಚೀಟಿಯಲ್ಲಿ ಎರಡೂ ಅಡ್ಡಹೆಸರು ನೋಡಿ ತಲೆ ಎತ್ತಿದ.

“ಫೆರಾದಾ ಇನೊಸ್ತ್ರೋಸಾ! ಅಯ್ಯೋ, ನಮ್ಮ ಟೀವಿ ಲಾಲೋಗೆ ಏನಾಗ್ಬೇಕಮ್ಮ ನೀವು?”

“ದೂರ.”

“ದೂರ ಆದ್ರೇನು, ಪುಣ್ಯ ಮಾಡಿದೀರ” ಎಂದು ಮುದ್ರೆ ಒತ್ತಿ, ಶಾಯಿ ಒಣಗಲಿ ಎಂದು ಎರಡು ಸಲ ಊದಿ ಕೊಟ್ಟ.

ಒತೀಲಿಯಾ